ಹಾಯ್ಕು ಮೇಡಂ ಮುಂದೆ ನಡುಗಿದ್ದು

ಮೂವತ್ತು ವರ್ಷ ಹೆಬ್ಬಾಳದ ಫ್ಯಾಕ್ಟರೀಲಿ ಲೇತ್ ಮೆಷೀನ್ ಮುಂದೆ ನಿಂತಾಗಲೂ ನಾನು ಇಷ್ಟು ಹೆದರಿದವನಲ್ಲ. ರಿಟೈರಾಗಿ ನಮ್ಮ ಬಡಾವಣೆ ದಟ್ಟಗಳ್ಳೀಲಿ ಹಾಯ್ಕು ಅನ್ನೋ ಜಪಾನಿ ಕವನ ಕಲಿಯೋಕೆ ಸೇರಿದ್ದೇ ಸೇರಿದ್ದು, ವಾರಕ್ಕೊಂದು ಫಜೀತಿ. ಕಲಿಸೋ ಮೇಡಂ ಹಿಂದೆ ಹೆಡ್‌ಮಿಸ್ ಆಗಿದ್ದವರು. ಮೂರೇ ಸಾಲು, ಅದರಲ್ಲಿ ಋತು ಸೂಚಿಸೋ ಮಾತು ಇರಲೇಬೇಕು, ಅದನ್ನು ಕಣ್ಣಾರೆ ಕಂಡೇ ಬರೀಬೇಕು. ಒಂದು ಕವನ ಪಾಸಾದರೂ ಸಾಕು, ಯುಗಾದಿಗೆ ಬರೋ ಪುಸ್ತಕದಲ್ಲಿ ಹೆಸರು. ನನ್ನ ಗ್ರಹಚಾರ, ಪುಸ್ತಕದಲ್ಲಿ ನನ್ನ ಹೆಸರು ಬರುತ್ತೆ ಅಂತ ಬೀಗರಿಗೆ ಮುಂಚೇನೇ ಹೇಳ್ಬುಟ್ಟಿದ್ದೆ.

೧. ಮೊದಲ ಪಾಠ

ಮೊದಲ ದಿನ ಲೇತ್ ಮೇಲೇ ಬರೆದೆ. ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಇದರಲ್ಲಿ ಋತು ಯಾವುದ್ರೀ?"

ಎದ್ದು ನಿಂತೆ. "ಸೆಕೆಂಡ್ ಶಿಫ್ಟು, ಮೇಡಂ."

೨. ಇಬ್ಬನಿ

ಸರಿ, ಚಳಿಗಾಲದ ಇಬ್ಬನಿ ನೋಡೇಬಿಡೋಣ ಅಂತ ಬೆಳಗಿನ ಜಾವ ಮಂಕಿ ಕ್ಯಾಪ್ ಹಾಕ್ಕೊಂಡು ಹೊರಟೆ. ಪಕ್ಕದ ಬೀದಿ ಕಾಂಪೌಂಡಿನ ದಾಸವಾಳಕ್ಕೆ ಬಗ್ಗಿದ್ದೆ, ಅಷ್ಟೇ. ಆ ಮನೆಯಾಕೆ ಪೊರಕೆ ಹಿಡಿದು ಬಂದರು. "ಸಿಕ್ಕಿಬಿದ್ರಾ? ದಿನಾ ಪೂಜೆಗೆ ನಮ್ಮ ಹೂವು ಕೀಳೋರು ನೀವೇನಾ?"

"ಅಯ್ಯಯ್ಯೋ, ಇಬ್ಬನಿ ನೋಡ್ತಿದ್ದೆ ಕಣಮ್ಮ, ಕವನಕ್ಕೆ!"

ನನ್ನ ಕೈಲಿ ಹಾಲು ತರೋಕೆ ಅಂತ ಹಿಡಿದಿದ್ದ ಕವರ್ ಇತ್ತು. ಆಕೆ ಅದನ್ನೇ ನೋಡಿದರು. "ಓಹೋ, ಎಷ್ಟು ಕೆಜಿ ಇಬ್ಬನಿ ಬೇಕಿತ್ತು?"

೩. ಹಾವಿನ ಪೊರೆ

ಪುಸ್ತಕಕ್ಕೆ ಕವನ ಕೊಡೋಕೆ ಎರಡೇ ದಿನ ಉಳಿದಿತ್ತು. ಬೀಗರಿಗೆ ಏನು ಹೇಳೋದು? ಕಾಣದೇ ಇದ್ದದ್ದನ್ನು ಬರೆದುಬಿಟ್ಟೆ:

ಗರಿ ರಾಶಿ ಪಕ್ಕ
ಫಾಲ್ಗುಣದ ಬಿಸಿಲಿಗೆ
ಹಾವಿನ ಪೊರೆ.

ಅವಸರದಲ್ಲಿ ಮೊಬೈಲಿಂದ ಕಳಿಸಿದ್ದು ಹಾಯ್ಕು ಗ್ರೂಪಿಗಲ್ಲ, ಬಡಾವಣೆ ಗ್ರೂಪಿಗೆ. ಕವನ ಅಂತ ಯಾರಿಗೆ ಗೊತ್ತು? ಅರ್ಧ ಗಂಟೇಲಿ ಹಾವು ಹಿಡಿಯೋರು ಬಂದರು, ಬೀದಿಯೇ ಬಂತು, ಅದೇ ಬಡಾವಣೆಯ ಮೇಡಮ್ಮೂ ಬಂದರು. "ಎಲ್ಲಿ ನೋಡಿದ್ದು ಸಾರ್?" ಅಂತ ಹಾವು ಹಿಡಿಯೋರು ಕೇಳಿದರು. ಮೇಡಂ ಎದುರಿಗೇ ಇದ್ದಾರೆ, ಸುಳ್ಳು ಅನ್ನೋದು ಹೇಗೆ? ಹಿತ್ತಲ ತೆಂಗಿನಗರಿ ರಾಶಿ ತೋರಿಸಿದೆ. ಹಾವು ಹಿಡಿಯೋರು ಎರಡು ಗರಿ ಎತ್ತಿದರು. ಬುಸ್ ಅಂತು! ನಿಜವಾದ ನಾಗರಹಾವು.

ಹಾವು ಚೀಲ ಸೇರಿದ ಮೇಲೆ ಮೇಡಂ ನನ್ನ ಬೆನ್ನು ತಟ್ಟಿದರು. "ಕವನ ಪಾಸ್!"

ಅಷ್ಟರಲ್ಲಿ ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲಾ ಕಣ್ರೀ, ಒಲೆಗೆ ಆ ಗರಿ ದಿನಾ ತರೋಳು ನಾನು. ಪೊರೆ ನೋಡಿಯೂ ನನಗೊಂದು ಮಾತು ಹೇಳ್ದೆ ಕವನ ಬರ್ಕೊಂಡು ಕೂತಿದ್ರಾ?"

"ಇಲ್ಲ ಕಣೇ, ಆಣೆಗೂ ನೋಡಿಲ್ಲ! ಸುಳ್ಳೇ ಬರೆದೆ!" ಅಂತ ಕೂಗಿಬಿಟ್ಟೆ.

ಮೇಡಂ ಮುಖ ಬಿಗಿಯಾಯಿತು. "ಹೋಗಲಿ. ಈಗ ಹಾವನ್ನೇ ಕಣ್ಣಾರೆ ಕಂಡಿರಲ್ಲ, ಹೊಸದಾಗಿ ಬರೆದು ಕೊಡಿ" ಅಂದರು.

"ಎಲ್ಲಿ ಮೇಡಂ? ಬುಸ್ ಅಂದಾಗಲೇ ಕಣ್ಣು ಮುಚ್ಚಿದ್ದು, ನೀವು ಬೆನ್ನು ತಟ್ಟಿದ ಮೇಲೇ ತೆಗೆದದ್ದು!"