ಗೋಲ್‌ಕೀಪರ್ ಸಾಲಿನಲ್ಲಿ ನನ್ನ ಹೆಸರು

ಫಾರ್ಮ್ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ದೋಹಾದಲ್ಲೇ ಇಲ್ಲವೆಂದು ನಾನು ನಂಬಿದ್ದೆ. ಇಲ್ಲಿನ ಕಾಲೇಜೊಂದರ ಕಚೇರಿಯಲ್ಲಿ ಹದಿನೆಂಟು ವರ್ಷಗಳಿಂದ ನಾನು ಮಾಡುತ್ತಿರುವುದು ಅದೊಂದೇ ಕೆಲಸ. ಹೀಗಾಗಿ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಬೇಕಾದಾಗ ಪ್ರಿನ್ಸಿಪಾಲರು ನನ್ನನ್ನೇ ಕರೆದರು. ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಚೆಂಡು ದುಂಡಗಿರುತ್ತದೆ ಎಂಬುದಷ್ಟೇ.

“ನಿಮಗ್ಯಾಕ ಬೇಕಿತ್ತರೀ ಈ ಉಸಾಬರಿ?” ಎಂದಳು ಹೆಂಡತಿ ಶಕುಂತಲಾ. “ಲಿಫ್ಟ್ ಕೆಟ್ಟ ದಿನ ಎರಡು ಮಹಡಿ ಹತ್ತಾಕ ಮೂರು ಸಲ ಕೂಡ್ತೀರಿ.”

“ಮ್ಯಾನೇಜರ್ ಓಡೂದಿಲ್ಲ. ಬರೀ ಬರಿಯೂದು,” ಎಂದೆ.

ಮೊದಲ ಪಂದ್ಯ ಸೋತೆವು. ಎರಡನೆಯದರಲ್ಲಿ ನಮ್ಮವನೊಬ್ಬ ನಮ್ಮ ಗೋಲಿಗೇ ಹೊಡೆದ. ಆಮೇಲೆ ಅದೇನಾಯಿತೋ, ಹುಡುಗರು ಸಾಲಾಗಿ ನಾಲ್ಕು ಪಂದ್ಯ ಗೆದ್ದು, ಆರು ವರ್ಷಗಳ ನಂತರ ಕಾಲೇಜನ್ನು ನಾಕೌಟ್ ಹಂತಕ್ಕೆ ತಂದರು. ಅದಕ್ಕೆ ಮುಖ್ಯ ಕಾರಣ ಗೋಲ್‌ಕೀಪರ್ ಮೆಲ್ವಿನ್, ಉಡುಪಿ ಕಡೆಯ ಹುಡುಗ. ಅವನಿಗಿದು ಕಾಲೇಜಿನ ಕೊನೆಯ ವರ್ಷ.

ನಾಕೌಟ್‌ಗೆ ಹೊಸ ಪಟ್ಟಿಯನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕಿತ್ತು. ಹತ್ತೇ ನಿಮಿಷದಲ್ಲಿ ತುಂಬಿದೆ. ‘ಎಲ್ಲ ಸರಿಯಿದೆಯೇ?’ ಎಂದು ಕಂಪ್ಯೂಟರ್ ಕೇಳಿತು. ಕೇಳುವುದು ಯಾರನ್ನು! ಓದದೆಯೇ ‘ಹೌದು’ ಒತ್ತಿದೆ.

ಪಂದ್ಯದ ಸಂಜೆ ಉಮ್ಮ್ ಸಲಾಲ್ ಮೈದಾನದಲ್ಲಿ ಪಟ್ಟಿ ಹಿಡಿದ ಅಧಿಕಾರಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಗೋಲ್‌ಕೀಪರ್ ನೀವಾ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಣುಕಿ ನೋಡಿದೆ. ಗೋಲ್‌ಕೀಪರ್ ಸಾಲಿನಲ್ಲಿ ನನ್ನ ಹೆಸರು. ಮ್ಯಾನೇಜರ್ ಸಾಲಿನಲ್ಲಿ ಮೆಲ್ವಿನ್!

ಎರಡನೇ ಗೋಲ್‌ಕೀಪರ್ ಜ್ವರದಿಂದ ಮಲಗಿದ್ದ. ಗೋಲ್‌ಕೀಪರ್ ಎಂದು ದಾಖಲಾದವರೇ ಗೋಲಿನಲ್ಲಿ ನಿಲ್ಲಬೇಕೆಂಬುದು ಪಂದ್ಯಾವಳಿಯ ನಿಯಮ. ವಿದ್ಯಾರ್ಥಿಗಳ ಜೊತೆ ಸಿಬ್ಬಂದಿಯೂ ಆಡಬಹುದೆಂಬ ಉದಾರ ನಿಯಮವೂ ಇತ್ತು. ಹೆಸರು ತಿದ್ದಲು ಬಿಡಿ ಎಂದು ನಾನು ಅಧಿಕಾರಿಗೆ ಕೈಮುಗಿದೆ.

“ಲಿಸ್ಟ್ ಖಲಾಸ್. ಚೇಂಜ್ ಮಾಫಿ,” ಪಟ್ಟಿ ಮುಗಿಯಿತು, ಇನ್ನು ಬದಲಾವಣೆ ಇಲ್ಲ ಎಂದು ಅವನು ಫೈಲು ಮುಚ್ಚಿದ.

“ಎಂಥ ಸರ್ ಇದು? ಇಡೀ ವರ್ಷ ಪ್ರಾಕ್ಟೀಸ್ ಮಾಡಿದ್ದು ನಾನಲ್ವಾ?” ಎಂದ ಮೆಲ್ವಿನ್. ಅವನ ಕಣ್ಣು ತುಂಬಿತ್ತು. ನನಗೆ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವನೇ ತನ್ನ ಜೆರ್ಸಿ ಕೊಟ್ಟು, ಗ್ಲೌಸ್ ಬಿಚ್ಚಿ ನನ್ನ ಕೈಗೆ ತೊಡಿಸಿದ.

“ಬಾಲ್ ಬಂದ್ರೆ ಓಡಿ ಹೋಗ್ಬೇಡಿ ಸರ್. ಅಷ್ಟು ಮಾಡಿದ್ರೆ ಸಾಕು.”

ಚೆಂಡು ಇವರ ಹತ್ತಿರ ಬಂದರೆ ನಾವು ಸೋತಂತೆಯೇ ಎಂದು ಕೋಚ್ ಹುಡುಗರಿಗೆ ನನ್ನೆದುರೇ ಹೇಳಿದರು. ಆ ಭಯ ಕೆಲಸ ಮಾಡಿತು. ಹುಡುಗರು ಪ್ರಾಣ ಒತ್ತೆಯಿಟ್ಟು ಆಡಿ ಒಂದು ಗೋಲೂ ಹೊಡೆದರು. ನಾನು ಬಸ್ಸಿಗೆ ಕಾಯುವವನಂತೆ ನಿಂತಿದ್ದೆ. ಗ್ಯಾಲರಿಯಲ್ಲಿ ಶಕುಂತಲಾ ಕಿತ್ತಳೆ ಸುಲಿಯುತ್ತಿದ್ದಳು.

ಕೊನೆಯ ನಿಮಿಷದಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು.

“ಕೈ ಅಗಲ ಮಾಡಿ ಸರ್!” ಎಂದು ಮೆಲ್ವಿನ್ ಬೆಂಚಿನಿಂದ ಕೂಗಿದ. ಮಾಡಿದೆ. ಅವನ ಅಳತೆಯ ಜೆರ್ಸಿ ಸರಕ್ಕನೆ ಮೇಲೇರಿ, ನನ್ನ ಹೊಟ್ಟೆ ಇಡೀ ಮೈದಾನಕ್ಕೆ ದರ್ಶನ ಕೊಟ್ಟಿತು. ಚೆಂಡಿನ ಹಿಂದೆ ನಿಂತಿದ್ದ ಹುಡುಗ ನಕ್ಕ. ತುಟಿ ಕಚ್ಚಿಕೊಂಡು ಓಡಿಬಂದ. ಒದೆಯುವ ಹೊತ್ತಿಗೆ ಮತ್ತೆ ನಗು ಉಕ್ಕಿತು. ಚೆಂಡು ಗೋಲಿನ ಮೇಲಿಂದ ಹಾರಿ ಕಾರ್ ಪಾರ್ಕಿಂಗ್ ಸೇರಿತು.

ಗೆದ್ದೆವು! ಮೊದಲು ಓಡಿಬಂದು ತಬ್ಬಿಕೊಂಡವನು ಮೆಲ್ವಿನ್. ಇಡೀ ಪಂದ್ಯದಲ್ಲಿ ನಾನು ಚೆಂಡನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಎದೆಯುಬ್ಬಿಸಿಕೊಂಡು ಕಾರಿನ ಬಳಿ ಹೋದೆ. “ನೋಡಿದೇನ? ಅಂವಾ ನನ್ನ ನೋಡಿ ಹೆದರಿಬಿಟ್ಟ.”

“ಹೆದರಲಿಲ್ಲ, ನಕ್ಕ,” ಎಂದಳು ಶಕುಂತಲಾ. “ಇಪ್ಪತ್ತಾರು ವರ್ಷದಿಂದ ನಾನೂ ನೋಡಾಕತ್ತೀನಿ. ನನಗ ಒಂದ ಸಲನೂ ನಗು ಬಂದಿಲ್ಲ.”

ತಕ್ಕ ಉತ್ತರ ಕೊಡಬೇಕೆಂದು ಗರ್ರನೆ ತಿರುಗಿದೆ. ಸೊಂಟ ಹಿಡಿದುಕೊಂಡಿತು. ಗೆದ್ದ ತಂಡದ ಗೋಲ್‌ಕೀಪರನನ್ನು ನಾಲ್ವರು ಹುಡುಗರು ಅಕ್ಕಿ ಮೂಟೆಯಂತೆ ಎತ್ತಿ ಹಿಂದಿನ ಸೀಟಿಗೆ ಹಾಕಿದರು.