ಹಿಂದಿನ ಲೈಟು ಉರೀತೈತೇನು ನೋಡು

ಎಲ್ಲರೂ ಕಾರು ಕೊಳ್ಳುವುದು ಓಡಾಡುವುದಕ್ಕೆ. ನಮ್ಮ ಸೋದರಮಾವ ಕಾರು ಕೊಂಡದ್ದು ಅದಕ್ಕೆ ಏನು ರೋಗ ಎಂದು ಕಂಡುಹಿಡಿಯುವುದಕ್ಕೆ! ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ನಾರಾಯಣಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆ ಕಾರಿನ ಬಾನೆಟ್ಟು ಮುಚ್ಚಿದ್ದನ್ನು ಕಂಡವರೇ ಕಡಿಮೆ. ಬೆಳಿಗ್ಗೆ ಹಾಲಿನವನು ಬರುವಾಗಲೂ ತೆರೆದಿರುತ್ತಿತ್ತು, ಸಂಜೆ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುವಾಗಲೂ ತೆರೆದಿರುತ್ತಿತ್ತು. ಒಳಗೆ ಬಗ್ಗಿದ ಮಾವನ ಧೋತರದ ಹಿಂಭಾಗವಷ್ಟೇ ಬೀದಿಗೆ ಕಾಣುವುದು. ಎಷ್ಟೋ ಜನ ಅವರನ್ನು ಆ ಭಾಗದಿಂದಲೇ ಗುರುತು ಹಿಡಿದು ನಮಸ್ಕಾರ ಹೇಳಿ ಹೋಗುತ್ತಿದ್ದರು.

ಕಾರು ಹಳೆಯದು. ರಾಯಚೂರಿನ ಒಬ್ಬ ವಕೀಲರು ಬೇಸತ್ತು ಬಿಟ್ಟದ್ದನ್ನು ಮಾವ ತಂದಿದ್ದರು. ಅದರ ಕಾಯಿಲೆ ಒಂದೇ. ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಮುಂದಿನ ದೀಪಗಳು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುವುದು, ಆಮೇಲೆ ಮೌನ. ನಾಲ್ಕು ಜನ ಹಿಂದಿನಿಂದ ನೂಕಿದರೆ ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ಓಡುವುದು. ಹಾಗಾಗಿ ನಮ್ಮ ಓಣಿಯ ಗಂಡಸರೆಲ್ಲ ಕಾರಿನಲ್ಲಿ ಕೂರದಿದ್ದರೂ ಅದನ್ನು ಮುಟ್ಟಿಯಾದರೂ ಪುಣ್ಯ ಕಟ್ಟಿಕೊಂಡಿದ್ದರು!

ಮೆಕ್ಯಾನಿಕ್ಕನ್ನು ಕರೆಸಬಾರದೇ ಎನ್ನುತ್ತೀರಾ? ಮಾವನ ಎದುರು ಆ ಮಾತು ಎತ್ತಿ ನೋಡಿ! ಅವರು ತಹಶೀಲ್ ಕಚೇರಿಯಲ್ಲಿ ಜೀವಮಾನವಿಡೀ ಪಂಚನಾಮೆ ಬರೆದು ನಿವೃತ್ತರಾದವರು. ಕಾರಿಗೂ ಅದೇ ಕ್ರಮ. ಒಂದೊಂದೇ ಭಾಗವನ್ನು ಬಿಚ್ಚಿ ಗೋಣಿತಾಟಿನ ಮೇಲೆ ಹಾಜರು ಮಾಡಿಸಿ ವಿಚಾರಣೆ ನಡೆಸುವರು.

“ಕಾಯಿಲ್ ಮ್ಯಾಲ ನನಗ ಸಂಶಯ ಇಲ್ಲ. ಕಂಡೆನ್ಸರ್ ಮಾರಿ ನೋಡಲೇ, ಕಳ್ಳನ ಮಾರಿ ಇದ್ದಂಗೈತಿ.”

ಮರುವಾರ ಕಂಡೆನ್ಸರ್ ನಿರಪರಾಧಿ, ಸೆಲ್ಫ್ ಮೋಟರ್ ಅಪರಾಧಿ. ಅದರ ಮರುವಾರ ಎಲ್ಲರೂ ಖುಲಾಸೆ! ಒಮ್ಮೆ ತಂತಿಯ ಎರಡು ತುದಿಗಳನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಕಣ್ಣು ಮುಚ್ಚಿ, ಚಪ್ಪರಿಸಿ, “ಹುಳಿ ಹೊಡಿಯಾಕತ್ತೈತಿ. ಕರೆಂಟು ಹಳಸೈತಿ” ಎಂದು ತೀರ್ಪು ಕೊಟ್ಟರು. ಹಳಸಿದ ಅನ್ನ ಕೇಳಿದ್ದೆ, ಹಳಸಿದ ಕರೆಂಟನ್ನು ಅಂದೇ ಮೊದಲು ಕೇಳಿದ್ದು.

ಕಾರು ಕೆಡುವುದಕ್ಕೂ ಒಂದು ಮುಹೂರ್ತವಿತ್ತು. ಅಮಾವಾಸ್ಯೆಯ ಮರುದಿನ! ನಮ್ಮ ಕಡೆ ಗಾಡಿ ಇಟ್ಟವರೆಲ್ಲ ಅಮಾವಾಸ್ಯೆಗೆ ಅದನ್ನು ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಪೂಜೆ ಮಾಡುತ್ತಾರೆ. ಮಾವನ ಮನೆಯಲ್ಲಿ ಆ ಪೂಜೆ ಅತ್ತೆಯದು, ಅಂದರೆ ಮಾವನ ಹೆಂಡತಿಯದು. ಪಾಪ, ಆಕೆಗೆ ಇದ್ದ ಅಧಿಕಾರ ಅದೊಂದೇ. ಮದುವೆಯಾಗಿ ಬಂದ ವರ್ಷ ಆಕೆ ಹಾಕಿದ ಉಪ್ಪಿನಕಾಯಿಗೆ ಬೂಷ್ಟು ಬಂತಂತೆ. ಅವತ್ತೇ ನಮ್ಮಜ್ಜಿ, ಅಂದರೆ ಮಾವನ ತಾಯಿ, “ಈಕೀ ಕೈಗುಣ ಚಲೋ ಇಲ್ಲ” ಎಂದು ಹುಕುಂ ಹೊರಡಿಸಿಬಿಟ್ಟಿದ್ದಳು. ಅಲ್ಲಿಂದ ಮುಂದೆ ಹಾಲಿಗೆ ಹೆಪ್ಪು ಹಾಕುವುದಿರಲಿ, ತುಳಸಿಗೆ ನೀರು ಹಾಕುವುದಿರಲಿ, ಅತ್ತೆ ಮುಟ್ಟುವ ಹಾಗಿಲ್ಲ. ಕಾರು ಬಂದ ದಿನ ಮಾವ ಮಾತ್ರ, “ಉಪ್ಪಿನಕಾಯಿ ನಿಂದಿರ್ಲಿ ಅವ್ವಾ, ಕಾರಿನ ಪೂಜಿ ಆಕೀದು” ಎಂದು ಗಟ್ಟಿಯಾಗಿ ಹೇಳಿದ್ದರು.

ಅತ್ತೆ ಆ ಪೂಜೆಯನ್ನು ಎಂಥ ಭಕ್ತಿಯಿಂದ ಮಾಡುತ್ತಿದ್ದಳು! ಬಾನೆಟ್ಟಿಗೆ ವಿಭೂತಿ, ಚಕ್ರಕ್ಕೆ ಅರಿಶಿನ. ಆಮೇಲೆ ಬಳೆ ಹಿಂದಕ್ಕೆ ಸರಿಸಿ, ನಟ್ಟು ಬಿಚ್ಚುವ ಪಾನಾ ಹಿಡಿದು, ಬ್ಯಾಟರಿಯ ಎರಡು ಗೂಟಗಳಿಗೆ ತೊಡಿಸಿದ ಕ್ಲಾಂಪುಗಳನ್ನು ತಾನೇ ಸಡಿಲಿಸಿ ತೆಗೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಗೂಟಗಳಿಗೆ ಬಳಿದು, ಮತ್ತೆ ಕ್ಲಾಂಪು ತೊಡಿಸಿ ಬಿಗಿ ಮಾಡುತ್ತಿದ್ದಳು. “ಮ್ಯಾಲ ಹಚ್ಚಿದ್ರ ತಗಡಿಗೆ ಮುಟ್ಟತೈತಿ, ಜೀವಕ್ಕ ಮುಟ್ಟಂಗಿಲ್ಲ” ಎನ್ನುತ್ತಿದ್ದಳು. ಮರುದಿನ ಕಾರು ‘ಟಕ್’!

ಅಜ್ಜಿ ಬಿಡುವಳೇ? “ಪೂಜಿ ಮಾಡಿದ ಮರುದಿನಾನೇ ಯಾಕ ಕೆಡತೈತಿ ಕೇಳು” ಎಂದು ಪಡಸಾಲೆಯಿಂದ ಶುರು ಮಾಡುವಳು. ಮಾವನ ಬಳಿ ಉತ್ತರ ಸಿದ್ಧವಿರುತ್ತಿತ್ತು. “ಅಮಾಸಿಗೆ ಸಮುದ್ರ ಉಕ್ಕತೈತಿ. ಬ್ಯಾಟರಿ ಒಳಗಿರೋದೂ ನೀರೇ ಅಲ್ಲೇನಬೇ? ಅದೂ ಉಕ್ಕತೈತಿ!” ಅಂಗೈ ಅಗಲದ ಬ್ಯಾಟರಿಯಲ್ಲಿ ಸಮುದ್ರ! ಇಂಥ ಮೇಧಾವಿಯ ಸೋದರಳಿಯ ನಾನು ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ಎಷ್ಟೋ ದಿನ ಆ ಓಣಿ ಬಿಟ್ಟು ಬಳಸಿನ ದಾರಿಯಲ್ಲಿ ಹೋಗಿದ್ದೇನೆ.

ಇನ್ನೂ ಎರಡು ಹುಚ್ಚು ಹೇಳುವುದು ಉಳಿದಿದೆ. ಸಲಕರಣೆಗಳ ಪೆಟ್ಟಿಗೆಯಲ್ಲಿ ಸರಿಯಾದ ಒಂದು ಇಕ್ಕಳ ಇಲ್ಲ, ಆದರೆ ಕುಂಕುಮದ ಭರಣಿ ಉಂಟು! ಮತ್ತೆ, ಬಾನೆಟ್ಟು ಎತ್ತಿದ ಕೂಡಲೇ ಹತ್ತಿರ ನಿಂತವರನ್ನೆಲ್ಲ ಹಿಂದಕ್ಕೆ ಅಟ್ಟುವುದು.

“ಹಿಂದ ಹೋಗು. ಹಿಂದಿನ ಲೈಟು ಉರೀತೈತೇನು ನೋಡು.”

ಹಿಂದಿನ ಲೈಟಿಗೆ ಬಲ್ಬೇ ಇಲ್ಲ! ಬಲ್ಬು ಒಡೆದು ಯಾವ ಕಾಲವಾಯಿತೋ. “ಮಾವಾ, ಬಲ್ಬಿಲ್ಲ” ಎಂದರೆ, “ಹೌದೇನು? ಆದ್ರೂ ನೋಡು” ಎನ್ನುವರು. ಇಲ್ಲದ ದೀಪ ಉರಿಯುತ್ತದೆಯೇ ಎಂದು ನೋಡಲು ಕಳಿಸುವ ಮನುಷ್ಯನ ಬಗ್ಗೆ ನೀವಾದರೂ ಏನು ಹೇಳುತ್ತೀರಿ? ಹುಚ್ಚಾಸ್ಪತ್ರೆ ದೂರವಿದ್ದದ್ದರಿಂದ ಅವರು ನಮ್ಮ ನಡುವೆಯೇ ಉಳಿದಿದ್ದರು ಎಂದು ನಾನಂತೂ ಎಲ್ಲರಿಗೂ ಹೇಳುತ್ತಿದ್ದೆ.

ಇಂಥ ಕಾರಿನಲ್ಲಿ ನಾನು ಹೆಣ್ಣು ನೋಡಲು ಹೋಗಬೇಕಾಗಿ ಬಂತು. ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿ ಬಿರುಸಾಗಿದ್ದ ಕಾಲ. ಬಸ್ಸುಗಳೆಲ್ಲ ಡಿಪೋದಲ್ಲಿ ಮಲಗಿದ್ದವು. ಅಪ್ಪ ಅಮ್ಮ ಬಂದ್ ಶುರುವಾಗುವ ಮೊದಲೇ ಗದ್ವಾಲ ಸೇರಿ ಹೆಣ್ಣಿನ ಮನೆಯ ಹತ್ತಿರವೇ ಬಿಡಾರ ಹೂಡಿದ್ದರು. ಹುಡುಗಿಯ ಫೋಟೋ ನೋಡಿದಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಆದರೆ ಅವಳ ತಂದೆ ಖಡಕ್ ಮನುಷ್ಯ. ಮಧ್ಯಾಹ್ನದ ಊಟದೊಳಗೆ ನಾವು ಮುಟ್ಟದಿದ್ದರೆ, ಇಟಿಕ್ಯಾಲ ಕಡೆಯ ಇನ್ನೊಬ್ಬ ವರ ಊಟವಾದ ಮೇಲೆ ಬರುವವನಿದ್ದ. ಅವನಿಗೆ ಸ್ವಂತ ಮೋಟರ್ ಸೈಕಲ್ ಬೇರೆ, ಅದೂ ಒದ್ದ ಕೂಡಲೇ ಶುರುವಾಗುವಂಥದ್ದು! ಇಷ್ಟಕ್ಕೂ ಹಿಂದಿನ ದಿನ ಯಾವ ತಿಥಿ ಎಂದು ನಾನು ಹೇಳಬೇಕೇ?

ಓಣಿಯವರು ನೂಕಿದರು, ಹೊರಟೆವು. ಮುಂದೆ ಮಾವ ಮತ್ತು ನಾನು, ಹಿಂದೆ ಅಜ್ಜಿ ಮತ್ತು ಅತ್ತೆ. “ದಾರ್ಯಾಗ ಎಲ್ಲೂ ಬಂದ್ ಮಾಡಬ್ಯಾಡ್ರಿ ಮಾವಾ” ಎಂದು ಕೈ ಮುಗಿದಿದ್ದೆ. ಮಾವ ಬಂದ್ ಮಾಡಲಿಲ್ಲ. ಮಕ್ತಲದಲ್ಲಿ ಜನ ಬಂದ್ ಮಾಡಿಸಿದರು.

ಹೆದ್ದಾರಿಗೆ ಅಡ್ಡಲಾಗಿ ಟೈರು ಸುಟ್ಟು ರಸ್ತೆತಡೆ ನಡೆದಿತ್ತು. ಮುಂದೆ ಹೊಗೆ, ಹಿಂದೆ ಲಾರಿಗಳ ಸಾಲು. ಎಂಜಿನ್ ನಿಂತಿತು. ಅಜ್ಜಿಯನ್ನೂ ನನ್ನ ಹೊಸ ಅಂಗಿಯನ್ನೂ ನೋಡಿ ಮುಖಂಡನಿಗೆ ಕನಿಕರ ಬಂದು, ಒಂದು ಟೈರು ಪಕ್ಕಕ್ಕೆ ಎಳೆಸಿ, “ಪೋಂಡಿ, ಪೋಂಡಿ” ಎಂದು ದಾರಿ ಬಿಟ್ಟ. ಮಾವ ಕೀಲಿ ತಿರುಗಿಸಿದರು. ಟಕ್!

ಜನ ಒಂದು ಕ್ಷಣ ನೋಡಿದರು. ದಾರಿ ಬಿಟ್ಟರೂ ಹೋಗದೆ ನಡುರಸ್ತೆಯಲ್ಲಿ ಕೂತ ಮುದುಕ! “ಶಭಾಷ್ ಪೆದ್ದಾಯನಾ! ಸೊಂತ ಬಂಡಿನೇ ಅಡ್ಡಂ ಪೆಟ್ಟಿನವ್!” ಎಂದು ಒಬ್ಬ ಕೂಗಿದ. ಸ್ವಂತ ಗಾಡಿಯನ್ನೇ ರಸ್ತೆಗೆ ಅಡ್ಡ ನಿಲ್ಲಿಸಿದ ತ್ಯಾಗಿ ಎಂದು ಚಪ್ಪಾಳೆ ಬಿತ್ತು. ಯಾರೋ ಚೆಂಡುಹೂವಿನ ಹಾರ ತಂದು ಬಾನೆಟ್ಟಿಗೆ ಹಾಕಿದರು. “ಜೈ ತೆಲಂಗಾಣ!” ಎಂದು ಮಾವನೂ ಕೈ ಎತ್ತಿದರು! ಗದ್ವಾಲದಲ್ಲಿ ನನ್ನ ಬಾಳು ಕಾಯುತ್ತಿದೆ, ಇಲ್ಲಿ ಇವರಿಗೆ ಹಾರ ತುರಾಯಿ! ನೂಕೋಣವೆಂದರೆ ನೂಕಿ ಓಡಿಸುವಷ್ಟು ಜಾಗವೂ ಇರಲಿಲ್ಲ.

ಚಳವಳಿಗಾರರಲ್ಲೇ ಒಬ್ಬ ಮೆಕ್ಯಾನಿಕ್ ಇದ್ದ. ದೇವರು ಬಂದಂತೆ ಬಂದ. ಬಾನೆಟ್ಟೊಳಗೆ ಇಣುಕಿ, ಬ್ಯಾಟರಿಗೆ ಬೆರಳು ಮುಟ್ಟಿಸಿ, “ಸಾರ್, ಇದೇನಿದು, ಇಲ್ಲಿ ಯಾರು ಇದನ್ನ...” ಎನ್ನುವಷ್ಟರಲ್ಲಿ ಮಾವ ಸಿಡಿದುಬಿದ್ದರು.

“ಕೈ ತಗಿ! ನಿನಗೇನು ಗೊತ್ತೈತಿ? ದೋಷ ಇರೋದು ಸೆಲ್ಫ್ ಮೋಟರಿನಾಗ. ನಾ ವಿಚಾರಣಾ ಮಾಡಾಕತ್ತೀನಿ!”

ಅವನು “ನೀ ಬಂಡಿ, ನೀ ಇಷ್ಟಂ” ಎಂದು ಹೆಗಲು ಕುಣಿಸಿ ಹೋಗಿಯೇಬಿಟ್ಟ. ಸಿಕ್ಕ ಒಬ್ಬ ಬಲ್ಲವನನ್ನು ಬೈದು ಅಟ್ಟುವ ಈ ಅಹಂಕಾರಕ್ಕೆ ಏನೆನ್ನಬೇಕು?

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅಜ್ಜಿಯ ದನಿ ಎದ್ದಿತು. “ನಿನ್ನಿ ಅಮಾಸಿ. ಪೂಜಿ ಮಾಡಿದ ಕೈ ಯಾರದು ಕೇಳ್ರಿ. ಹುಡುಗನ ಲಗ್ನಕ್ಕೂ ಈಕೀ ಕೈನೇ ಅಡ್ಡ ಬಂತು.”

ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನನಗೂ ಒಂದು ಗಳಿಗೆ, ಅಜ್ಜಿಯ ಮಾತು ನಿಜವೇ ಇರಬಹುದೇ ಎನ್ನಿಸಿತು.

“ಅವ್ವಾ, ಬಿಸಿಲಾಗ ಕುಂದ್ರಬ್ಯಾಡ. ಇಬ್ರೂ ಆ ಬೇವಿನ ಗಿಡದ ಕೆಳಗ ಹೋಗ್ರಿ” ಎಂದು ಮಾವ ಅವರನ್ನು ಇಳಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀ ಹಿಂದ ಹೋಗು. ಹಿಂದಿನ ಲೈಟು ಉರೀತೈತೇನು ನೋಡು.”

ಹೋದೆ. ಬಲ್ಬಿಲ್ಲದ ತೂತು ನನ್ನನ್ನು ನೋಡಿ ನಕ್ಕಂತಾಯಿತು. ಇವತ್ತು ಹಿರಿಯರು ಕಿರಿಯರು ಎಂಬುದನ್ನೆಲ್ಲ ಬಿಟ್ಟು ಬೈದೇ ತೀರುತ್ತೇನೆಂದು ಇನ್ನೊಂದು ಮಗ್ಗುಲಿನಿಂದ ಮುಂದಕ್ಕೆ ಬಂದೆ.

ಮಾವ ಕ್ಲಾಂಪು ಬಿಚ್ಚಿದ್ದರು. ಅಡಕೆ ಹೋಳು ಮಾಡುವ ಸಣ್ಣ ಚಾಕುವಿನಿಂದ ಗೂಟಕ್ಕೆ ಮೆತ್ತಿದ ಎಣ್ಣೆಕುಂಕುಮವನ್ನು ಸರಸರನೆ ಹೆರೆದು, ಧೋತರದ ಚುಂಗಿನಿಂದ ಒರೆಸುತ್ತಿದ್ದರು. ಒಳಗಿನ ಸೀಸ ಬೆಳ್ಳಗೆ ಹೊಳೆಯಿತು. ಕ್ಲಾಂಪು ತೊಡಿಸಿ ಬಿಗಿದರು. ಪೆಟ್ಟಿಗೆಯಿಂದ ಆ ಭರಣಿ ತೆಗೆದು, ಕುಂಕುಮಕ್ಕೆ ಎಣ್ಣೆಯ ಹನಿ ಬೆರೆಸಿ, ಕ್ಲಾಂಪಿನ ಸುತ್ತ ಮೇಲ್ಮೇಲೆ ಬಳಿದರು. ನೋಡಿದರೆ ಅತ್ತೆ ಬಳಿದದ್ದು ಹಾಗೆಯೇ ಇದ್ದಂತೆ. ತಲೆ ಎತ್ತಿದಾಗ ನಾನು ನಿಂತಿದ್ದೆ.

“ಮಾವಾ... ನಿಮಗ ಗೊತ್ತಿತ್ತೇನು?”

“ಸಣ್ಣಗ ಮಾತಾಡು. ಕಾರು ತಂದ ಮೊದಲ್ನೇ ಅಮಾಸಿಗೇ ಗೊತ್ತಾಗೇತಿ. ಕುಂಕುಮ ಅಡ್ಡ ಬಂದ್ರ ಕರೆಂಟು ಹೆಂಗ ಹರೀತೈತಿ?”

“ಮತ್ತ ಅತ್ತಿಗೆ ಹೇಳಬೇಕಿಲ್ಲೇನು? ಮ್ಯಾಲ ಹಚ್ಚು ಅಂದ್ರ ಮುಗೀತಿತ್ತು.”

“ಯಾಕ ಅಂತ ಕೇಳ್ತಾಳ. ಏನು ಹೇಳ್ಲಿ? ನೀ ಮುಟ್ಟಿದ್ದಕ್ಕ ಕೆಟ್ಟತು ಅಂತ ನಾನೂ ಹೇಳ್ಲೇನು?” ಬೇವಿನ ಮರದ ಕಡೆ ಒಮ್ಮೆ ನೋಡಿದರು. “ನಿಮ್ಮಜ್ಜಿ ಅಂದು ಅಂದು, ಆಕಿ ಮನ್ಯಾಗ ಒಂದು ಗಡಿಗಿ ಮುಟ್ಟಾಕ ಅಂಜತಾಳ. ಇದೊಂದನ್ನ ಧೈರ್ಯಾಗಿ ಮುಟ್ಟತಾಳ. ಅದೂ ಹೋಗ್ಲೇನು?”

“ಊರಮಂದಿ ನಿಮ್ಮನ್ನ ಹುಚ್ಚ ಅಂತಾರ, ಮಾವಾ.”

“ಅನ್ಲಿ ಬಿಡು. ನಂದೇನು ಸವೀತೈತಿ?”

ಕೀಲಿ ತಿರುಗಿಸಿದರು. ಒಂದೇ ಏಟಿಗೆ ಎಂಜಿನ್ ಗರ್ಜಿಸಿತು. ಮಕ್ತಲದ ಜನ ಇನ್ನೊಮ್ಮೆ ಜೈಕಾರ ಹಾಕಿದರು. “ಸೆಲ್ಫ್ ಮೋಟರ್ ಒಪ್ಕೊಂಡ್ತು ನೋಡ್ರಿ!” ಎಂದು ಮಾವ ಎಲ್ಲರಿಗೂ ಕೇಳುವಂತೆ ಕೂಗಿದರು. ಬೈಯಬೇಕೆಂದು ಬಂದಿದ್ದ ನಾನು, ಬೇವಿನ ಮರದ ಕೆಳಗಿಂದ ಅಜ್ಜಿಯನ್ನೂ ಅತ್ತೆಯನ್ನೂ ಕರೆತರಲು ಓಡಿದೆ.

ಜೂರಾಲದ ಕಟ್ಟೆ ದಾಟಿ ಗದ್ವಾಲ ಮುಟ್ಟಿದಾಗ ಹೆಣ್ಣಿನ ಮನೆಯಲ್ಲಿ ಎಲೆ ಹಾಕುತ್ತಿದ್ದರು. ಹುಡುಗಿಯನ್ನು ಕರೆತಂದು ಕೂರಿಸಿದರು. ಕುಂಕುಮ ಹಚ್ಚಲು ನಮ್ಮ ಕಡೆಯ ಮುತ್ತೈದೆ ಬೇಕೆಂದು ಅವಳ ತಾಯಿ ಅತ್ತೆಯ ಮುಂದೆ ಬಟ್ಟಲು ಹಿಡಿದರು. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ಅಜ್ಜಿ ಬಾಯಿ ತೆರೆಯುವುದರೊಳಗೆ ಮಾವ ಎದ್ದು ನಿಂತರು.

“ಹಚ್ಚು. ಹಾದ್ಯಾಗ ಕಾರು ನಿಂತಿದ್ದು ನನ್ನ ತಪ್ಪು, ತಂತಿ ತಿರುವು ಮುರುವು ಕಟ್ಟಿದ್ದೆ. ನಿನ್ನ ಪೂಜಿ ಇತ್ತಂತ ಇಲ್ಲೀತನಕ ಬಂತು.”

ನಾನೂ ಎದ್ದೆ. “ನೀವೇ ಹಚ್ಚಬೇಕು ಅತ್ತಿ” ಎಂದೆ. ಸೆರಗಿನಿಂದ ಆಕೆಯ ಕೈ ಹೊರಗೆ ಬಂತು. ಬೊಟ್ಟು ನೆಟ್ಟಗೇ ಕೂತಿತು.

ಆ ಹುಡುಗಿ ಈಗ ನನ್ನ ಹೆಂಡತಿ. ರಾಜ್ಯ ಹೊಸದಾಯಿತು. ಕಾರು ಮಾತ್ರ ಅಮಾವಾಸ್ಯೆಯ ಮರುದಿನ ‘ಟಕ್’ ಎನ್ನುವುದನ್ನು ಬಿಟ್ಟಿಲ್ಲ. “ರಾಜ್ಯ ಬ್ಯಾರೆ ಆದಮ್ಯಾಲ ಕರೆಂಟು ಹೈದರಾಬಾದ್ ಕಡೀಗೇ ಜಗ್ಗತೈತಿ” ಎಂಬುದು ಮಾವನ ಇತ್ತೀಚಿನ ಸಂಶೋಧನೆ. ಊರು ಇನ್ನೂ ನಗುತ್ತಿದೆ. ನನ್ನ ಹೆಂಡತಿಯೂ, “ಆ ಲೈಟಿಗೆ ಬಲ್ಬೇ ಇಲ್ಲಲ್ರೀ, ಪ್ರತಿ ತಿಂಗಳು ಅಲ್ಲಿ ನಿಂತು ಏನು ನೋಡ್ತೀರಿ?” ಎಂದು ನಗುತ್ತಾಳೆ.

ಮಾವನಿಗೆ ಈಗ ಬಗ್ಗುವುದು ಕಷ್ಟ, ಕೈಯೂ ನಿಧಾನ. ಆದ್ದರಿಂದ ನಾನು ಹಿಂದೆ ಹೋಗಿ ಸಾಕಷ್ಟು ಹೊತ್ತು ನಿಲ್ಲುತ್ತೇನೆ. ಮುಂದಿನಿಂದ ಚಾಕು ಹೆರೆಯುವ ಸದ್ದು ನಿಂತ ಮೇಲೆ ಆ ಖಾಲಿ ತೂತನ್ನು ನೋಡುತ್ತಾ, ಅಡುಗೆಮನೆಯಲ್ಲಿರುವ ಅತ್ತೆಗೂ ಕೇಳುವಷ್ಟು ಗಟ್ಟಿಯಾಗಿ ಕೂಗುತ್ತೇನೆ:

“ಉರೀತೈತಿ ಮಾವಾ, ಚಲೋತ್ನಾಗ ಉರೀತೈತಿ!”