ಚಂದಕ್ಕೆ ಬೆಳೆಸಿದ ಮೆಣಸಿನಕಾಯಿ

ಅವಮಾನವನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋಗುವುದಿಲ್ಲ. ಅದಕ್ಕೇ ನನ್ನ ವಿಳಾಸ ಗೊತ್ತು. ಹೋದ ವರ್ಷ ಮಗಳನ್ನು ಕಮಲಾಪುರಕ್ಕೆ ಕೊಟ್ಟ ಮೇಲೆ ನನಗೆ ಉಳಿದಿದ್ದು ಒಂದೇ ಆಸೆ: ಬೀಗರ ಮುಂದೆ ಮರ್ಯಾದೆಯಿಂದ ಇರಬೇಕು. ಆಮೇಲೆ ನಡೆದದ್ದು ಇಷ್ಟು.

ಗಿಡ ಬಂತು

ಬೀಗರಿಗೆ ಕೆಂಪು ಬಾಳೆಯ ತೋಟವಿದೆ. ನನಗೆ ಕಲಬುರಗಿಯಲ್ಲಿ ಒಂದು ಮಾಳಿಗೆ ಇದೆ. ತೋರಿಸಲು ನನ್ನ ಬಳಿಯೂ ಏನಾದರೂ ಇರಲೆಂದು ಸೇಡಂ ರಸ್ತೆಯ ನರ್ಸರಿಯಿಂದ ಅಲಂಕಾರದ ಮೆಣಸಿನ ಗಿಡ ತಂದೆ. ಬೆರಳುದ್ದವೂ ಇಲ್ಲದ ಕಾಯಿಗಳು, ಆಕಾಶ ನೋಡುತ್ತ ನಿಲ್ಲುತ್ತವೆ. ಒಂದೇ ಗಿಡದಲ್ಲಿ ನೇರಳೆ, ಹಳದಿ, ಕೆಂಪು.

“ಇದು ಚಂದಕ್ಕ ಅಷ್ಟೇ. ಖಾರ ಇರಂಗಿಲ್ಲ,” ಎಂದು ಹೆಂಡತಿಗೆ ವಿವರಿಸಿದೆ.

“ತಿಂದು ನೋಡೀರೇನು?”

“ಇಲ್ಲ, ಓದೀನಿ.”

“ಹಂಗಾರ ಖರೇ ಅದ ಬಿಡ್ರಿ. ಓದಿದ್ರ ಯಾವುದೂ ಖಾರ ಹತ್ತಂಗಿಲ್ಲ.”

ಗಿಡಕ್ಕೆ ದೃಷ್ಟಿ

ಬಿಸಿಲಿಗೋ ನುಸಿಗೋ ಎಲೆಗಳು ಮುದುಡಿಕೊಂಡವು. “ಓಣಿ ಮಂದಿಯೆಲ್ಲ ಇದನ್ನೇ ನೋಡ್ಲಾಕತ್ತಾರ, ದೃಷ್ಟಿ ಆಗ್ಯಾದ,” ಎಂದು ಅವ್ವನ ಮುಂದೆ ಜಂಬ ಕೊಚ್ಚಿದೆ. ಅವ್ವ ತಮಾಷೆ ಮಾಡುವವಳಲ್ಲ. ಅಡುಗೆಮನೆಯ ಒಣಮೆಣಸಿನಕಾಯಿ ಹಿಡಿದು ಮೆಣಸಿನ ಗಿಡಕ್ಕೇ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮಲ್ಲಿಯ ನಂಬಿಕೆ. ನಾವೆಲ್ಲ ಕೆಮ್ಮಿ ಕೆಮ್ಮಿ ಮಾಳಿಗೆಯಿಂದ ಇಳಿದೆವು.

ಅವ್ವ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು: “ದೃಷ್ಟಿ ಆಗಿಲ್ಲಪ್ಪ. ನಿನ್ನ ಗಿಡ ಯಾರೂ ನೋಡೇ ಇಲ್ಲ.”

ಮೊದಲ ಕೊಯ್ಲು

ಗಿಡ ತಾನಾಗಿಯೇ ಚೇತರಿಸಿಕೊಂಡಿತು. ಕಾಯಿಗೆ ನೋವಾಗದಂತೆ ಕತ್ತರಿಯಿಂದ ತೊಟ್ಟು ಸಮೇತ ಕೊಯ್ದೆ. ಓಣಿಯ ಆಟೋದವನು ನಿಂಬೆಹಣ್ಣಿನ ಜೊತೆ ಕಟ್ಟಲು ಮೆಣಸಿನಕಾಯಿ ಕೇಳಿದ. ಬಣ್ಣಕ್ಕೊಂದರಂತೆ ಆರಿಸಿ ಕೊಟ್ಟೆ. ಸಂಜೆ ಸರ ಬಿಚ್ಚಿಕೊಂಡು ಬಂದು ನನ್ನ ಕಟ್ಟೆಯ ಮೇಲಿಟ್ಟ.

“ತಗೋರಿ ಸಾಬ್. ಸೂಪರ್ ಮಾರ್ಕೆಟ್‌ನಾಗ ಗಾಡಿ ನಿಂದ್ರಸೂದೇ ತಡ, ಮಂದಿ ಮುತ್ತಿ ಫೋಟೋ ಹೊಡೀತಾರ. ಆಟೋ ಹತ್ತೋರು ಒಬ್ಬರೂ ಇಲ್ಲ. ಇದು ದೃಷ್ಟಿ ತೆಗಿಯಂಗಿಲ್ಲ, ಕರಕೊಂಡು ಬರ್ತದ.”

ಬೀಗರ ಮನೆ ಊಟ

ಅಷ್ಟರಲ್ಲಿ ಬೀಗರಿಂದ ಬುಟ್ಟಿ ತುಂಬ ಬಾಳೆಹಣ್ಣು ಬಂತು. ಖಾಲಿ ಬುಟ್ಟಿ ವಾಪಸು ಕೊಡಬಾರದು. ಅದರಲ್ಲಿ ನನ್ನ ಮೆಣಸಿನಕಾಯಿ ಹಾಕಿಕೊಂಡು ಕಮಲಾಪುರಕ್ಕೆ ಹೋಗಿ, ಬೀಗರು ಕೈಕಾಲು ತೊಳೆಯುವಾಗ ಅಡುಗೆಮನೆಯಲ್ಲಿದ್ದ ಮಗಳ ಕೈಗೆ ಕೊಟ್ಟೆ. ಆ ಮನೆಯಲ್ಲಿ ಅತಿಥಿಗೆಂದು ಅವಳೊಬ್ಬಳೇ ಅಡುಗೆ ಮಾಡುತ್ತಿದ್ದದ್ದು ಅದೇ ಮೊದಲು.

“ಖರೇ ಖಾರ ಇಲ್ಲೇನಪ್ಪಾ?”

“ನಾ ಹೇಳ್ಲಾಕತ್ತೀನಲ್ಲವ್ವ. ಮುಷ್ಟಿ ತುಂಬ ಹಾಕು, ಬಣ್ಣ ಬರ್ತದ.”

ಬದನೆಕಾಯಿ ಪಲ್ಯಕ್ಕೆ ಹಾಕಿದಳು. ಬೀಗರು ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟು ಮಾತು ನಿಲ್ಲಿಸಿದರು. ಅವರ ಕಿವಿ ಕೆಂಪಾಯಿತು. ಬೀಗಿತ್ತಿ ಸೆರಗಿನಿಂದ ಕಣ್ಣೊತ್ತಿಕೊಂಡು, “ಒಲಿ ಹೊಗಿ,” ಎಂದರು. ಒಲೆ ಗ್ಯಾಸಿನದು. ನನ್ನ ನಾಲಿಗೆ ಆಗಲೇ ನನ್ನದಾಗಿ ಉಳಿದಿರಲಿಲ್ಲ.

ಬೀಗರು ಅರ್ಧ ತಂಬಿಗೆ ಮಜ್ಜಿಗೆ ಕುಡಿದು ನನಗೆ ಕೈ ಮುಗಿದರು. “ತಪ್ಪು ತಿಳ್ಕೋಬ್ಯಾಡ್ರಿ ಬೀಗರ. ಸೊಸಿ ಇನ್ನಾ ಹೊಸಾಕಿ. ಖಾರಕ್ಕ ಕೈ ಜರಾ ಜೋರಾಗ್ಯಾದ.”

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ನಾನು ದೊಡ್ಡ ಮನಸ್ಸು ಮಾಡಿ ಹೇಳಿದೆ: “ಇರ್ಲಿ ಬಿಡ್ರಿ. ಹುಡುಗಿ, ಕಲೀತಾಳ.”

ಬಾಗಿಲಲ್ಲಿ ನಿಂತಿದ್ದ ಮಗಳು ಪಲ್ಯದ ಬೋಗುಣಿ ಹಿಡಿದು ನೇರ ನನ್ನ ತಾಟಿಗೇ ಬಂದಳು. ಒಂದು ಸೌಟು ನೀಡಿದಳು. ಇನ್ನೊಂದು ನೀಡಿದಳು.

“ಉಣ್ಣಪ್ಪಾ. ನೀನೇ ಬೆಳಸಿ ತಂದ ಕಾಯಿ. ಖಾರ ಇಲ್ಲಂತ ನೀನೇ ಹೇಳೀದಿ.”

ನಾನು ತಲೆ ಎತ್ತದೆ ಮಜ್ಜಿಗೆಯ ತಂಬಿಗೆಗೆ ಕೈ ಚಾಚಿದೆ. ಬೀಗರು ತಂಬಿಗೆಯನ್ನು ಮೆಲ್ಲಗೆ ತಮ್ಮ ಕಡೆ ಸರಿಸಿಕೊಂಡರು.